ಚಿಪ್‌ನೊಳಗೆ ತಪ್ಪದ ಮಿಡಿತ

ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಹಳೆಯ ಗೋಡೆ ಗಡಿಯಾರವನ್ನು ಬಿಚ್ಚಿದಾಗ, ಅಕ್ಕಿಕಾಳಿಗಿಂತ ತುಸು ದೊಡ್ಡ ಲೋಹದ ಕೊಳವೆ ಸಿಕ್ಕಿತು. ಅದರೊಳಗಿನ ಸ್ಫಟಿಕದ ಕವಲು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದೇ ಕೆಲಸವನ್ನು ಚಿಪ್‌ನೊಳಗೆ ಸಿಲಿಕಾನ್‌ನ ಪುಟ್ಟ ತೊಲೆಯೊಂದರ ಕಂಪನದಿಂದ ಮಾಡಿಸಬೇಕೆಂದರೆ ಮೊದಲು ತಾಪದ ಲೆಕ್ಕ ಹಾಕಿ.

ಬಿಸಿಯೇರಿದಂತೆ ಸಿಲಿಕಾನ್ ಮೆದುವಾಗುತ್ತದೆ. ಡಿಗ್ರಿಗೆ ಸುಮಾರು 30 ಪಿಪಿಎಂನಷ್ಟು (ಹತ್ತು ಲಕ್ಷದಲ್ಲಿ 30 ಪಾಲು) ಆವರ್ತನ, ಅಂದರೆ ಸೆಕೆಂಡಿನ ಕಂಪನಗಳ ಸಂಖ್ಯೆ, ಇಳಿಯುತ್ತದೆ. ಮುಂಜಾನೆಯ 24 ಡಿಗ್ರಿಯಿಂದ ಅಡಿಕೆ ಒಣಗುವ ಅಂಗಳದ 44 ಡಿಗ್ರಿಗೆ ಬಂದರೆ 600 ಪಿಪಿಎಂ; ಹಾಗೆಯೇ ಉಳಿದರೆ ದಿನಕ್ಕೆ ಸುಮಾರು 52 ಸೆಕೆಂಡು ಹಿಂದೆ! ಆದ್ದರಿಂದ ಸಿಲಿಕಾನ್ ಡೈಆಕ್ಸೈಡ್ ಪದರ ಸೇರಿಸಿ. ಅದು ಬಿಸಿಗೆ ಗಡುಸಾಗುವ ಅಪರೂಪದ ವಸ್ತು. ಎರಡರ ದಪ್ಪದ ಅನುಪಾತವನ್ನು ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ತಾಳ್ಮೆಯಿಂದ ಹುಡುಕಿ; ಅವಸರಪಟ್ಟರೆ ಒಳಒತ್ತಡಕ್ಕೆ ತೊಲೆ ಬಾಗುತ್ತದೆ.

ನನ್ನ ಮೊದಲ ವಿನ್ಯಾಸದಲ್ಲಿ ತೊಲೆಯನ್ನು ಹಿಡಿಯುವ ಆಧಾರಗಳನ್ನು ತುದಿಗಳಲ್ಲೇ ಇಟ್ಟಿದ್ದೆ, ಕಂಪನದ ಶಕ್ತಿಯೆಲ್ಲ ಚಿಪ್‌ನ ತಳಕ್ಕೆ ಸೋರಿತು. ತುದಿಗಳು ಮುಕ್ತವಾಗಿರುವ ತೊಲೆಯ ಮೂಲ ಕಂಪನದಲ್ಲಿ, ಪ್ರತಿ ತುದಿಯಿಂದ ಉದ್ದದ ಶೇ. 22.4ರಷ್ಟು ಒಳಗಿನ ಬಿಂದು ಅಲುಗುವುದೇ ಇಲ್ಲ. ಅಲ್ಲೇ ಹಿಡಿಯಿರಿ. ನಂತರ ನಿರ್ವಾತದಲ್ಲಿ ಮುಚ್ಚಿ.

ಉಳಿದದ್ದು ಕಂಪನದ ವಿದ್ಯುತ್ ಸಂಕೇತವನ್ನು ಹೆಚ್ಚಿಸಿ ತೊಲೆಗೆ ಹಿಂದಿರುಗಿಸುವ ವರ್ಧಕ: ಒಂದು ಸುತ್ತು ಬಂದ ಸಂಕೇತ ಅದೇ ಹಂತದಲ್ಲಿ (ಫೇಸ್), ನಷ್ಟ ತುಂಬಿಕೊಂಡು ಮರಳಬೇಕು. ಆದರೆ ಅತಿಯಾಗಿ ತಳ್ಳಬೇಡಿ. ಅಲುಗಾಟ ಹಿಗ್ಗಿದರೆ ಆವರ್ತನವೇ ಜಾರುತ್ತದೆ.