ಕಪ್ಪುರಂಧ್ರಕ್ಕೆ ಸರಕಾರದ ಹಣ ಕೇಳಿದ್ದು

ಸಂಶೋಧನಾ ಅನುದಾನಕ್ಕೆ ಬರೆದ ಮೊದಲ ಅರ್ಜಿಯಲ್ಲಿ ನಾನು ದೂರದರ್ಶಕ ಕೇಳಿದ್ದೆ. ಹದಿನಾಲ್ಕು ಇಂಚಿನದ್ದು, ಮೇಲೊಂದು ಗುಮ್ಮಟ, ಅದೂ ಕಾಸರಗೋಡಿನ ಕಾಲೇಜಿನ ತಾರಸಿಯ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ನಕ್ಷತ್ರ ಕಾಣುವುದು ಪಂಚಾಂಗದಲ್ಲಿ ಮಾತ್ರ ಎಂದು ಗೊತ್ತಿದ್ದೂ ಕೇಳಿದ್ದೆ. ಅರ್ಜಿ ತಿರಸ್ಕೃತವಾಯಿತು. ಪರಿಶೀಲಕರ ಟಿಪ್ಪಣಿ ಒಂದೇ ಸಾಲು: ಅಲ್ಲಿ ವರ್ಷಕ್ಕೆ ಎಷ್ಟು ರಾತ್ರಿ ಆಕಾಶ ತಿಳಿಯಾಗಿರುತ್ತದೆ? ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ, ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ಅಕಾಲದ ಮಳೆಗೆ ಹೆದರಿ ಚಾವಡಿಗೆ ಎಳೆಯುತ್ತಿದ್ದಾಗ, ಪ್ರಶ್ನೆ ಸರಿಯಾಗಿಯೇ ಇದೆ ಅನಿಸಿತು.

ಮೋಡದ ಗೊಡವೆಯೇ ಇಲ್ಲದ ಕೆಲಸ ಯಾವುದು ಎಂದು ಹುಡುಕಿದೆ. ಆಕಾಶದಿಂದ ಬರುವ ಎಕ್ಸ್-ಕಿರಣಗಳನ್ನು ನಮ್ಮ ವಾತಾವರಣ ತಡೆದುಬಿಡುತ್ತದೆ. ಅವನ್ನು ಹಿಡಿಯಲು ಬೆಟ್ಟದ ತುದಿಯೂ ಸಾಲದು, ಉಪಗ್ರಹವೇ ಬೇಕು. ಉಪಗ್ರಹವೋ ಆಗಲೇ ಮೇಲಿತ್ತು. ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್. ಅದರ ದತ್ತಾಂಶವೆಲ್ಲ ಬೆಂಗಳೂರು ಬಳಿಯ ಬ್ಯಾಲಾಳಿನ ಇಸ್ರೋ ಕೇಂದ್ರಕ್ಕೆ ಬಂದು ಸೇರುತ್ತದೆ. ವೀಕ್ಷಣೆ ಕೇಳಿದವರಿಗೆ ಮೀಸಲಾದ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಬದಿಯಡ್ಕದ ಮನೆಯಲ್ಲಿ ಕುಳಿತೂ ಇಳಿಸಿಕೊಳ್ಳಬಹುದು, ಕರೆಂಟ್ ಇದ್ದರೆ.

ಎರಡನೆಯ ಸಲ ಆರಿಸಿಕೊಂಡದ್ದು ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರ ಸರಕಾರದ ಮಂಡಳಿಯಾದ ಆಗಿನ ಎಸ್‌ಇಆರ್‌ಬಿಯ ಟೇರ್ ಯೋಜನೆ. ಕಾಲೇಜು ಮೇಷ್ಟರು ತಮ್ಮ ಕೆಲಸ ಬಿಡದೆ ದೊಡ್ಡ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋಗಿ ಬಂದು ಕೆಲಸ ಮಾಡುವ ಏರ್ಪಾಡು. ಅವಧಿ ಮೂರು ವರ್ಷ. ವರ್ಷಕ್ಕೆ ಐದು ಲಕ್ಷ ರೂಪಾಯಿ, ಅರ್ಧ ಆ ಸಂಸ್ಥೆಗೆ, ಅರ್ಧ ನಮ್ಮ ಕಾಲೇಜಿಗೆ. ನಮ್ಮ ಕೈಗೆ ವರ್ಷಕ್ಕೆ 60,000 ರೂಪಾಯಿ ಫೆಲೊಶಿಪ್. ಬದಲಿಗೆ ವರ್ಷಕ್ಕೆ ಕನಿಷ್ಠ 90 ದಿನ ಆ ಸಂಸ್ಥೆಯಲ್ಲಿ ಇರಬೇಕಿತ್ತು. ನನ್ನದು ಬೆಂಗಳೂರಿನಲ್ಲಿತ್ತು. ಕ್ಯಾಲೆಂಡರ್ ತೆಗೆದು ಕುಳಿತೆ. ಏಪ್ರಿಲ್, ಮೇ ಸೇರಿ 61. ಓಣಂ ರಜೆ ಹತ್ತು, ಕ್ರಿಸ್‌ಮಸ್ ಹತ್ತು. 81. ಒಂಬತ್ತು ಕಡಿಮೆ, ಮೇಲಾಗಿ ಏಪ್ರಿಲ್‌ನಲ್ಲಿ ಮೌಲ್ಯಮಾಪನದ ಕಾಟ. ಉಳಿದದ್ದನ್ನು ಶನಿವಾರ, ಭಾನುವಾರಗಳಿಂದ ಹೆಕ್ಕಿದೆ: ಶುಕ್ರವಾರ ಸಂಜೆ ಕಣ್ಣೂರು–ಬೆಂಗಳೂರು ರೈಲು ಹತ್ತುವುದು, ಸೋಮವಾರ ಬೆಳಿಗ್ಗೆ ಇಳಿದು ನೇರ ತರಗತಿಗೆ. ಈ ಲೆಕ್ಕವನ್ನು ತಿಂಗಳುವಾರು ಕೋಷ್ಟಕ ಮಾಡಿ ಕಾರ್ಯಯೋಜನೆಯಲ್ಲೇ ಸೇರಿಸಿದೆ. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ಎಷ್ಟು ರಾತ್ರಿ ಎಂದು ಒಮ್ಮೆ ಕೇಳಿಸಿಕೊಂಡವರು ಎಷ್ಟು ದಿನ ಎಂಬುದನ್ನು ಕೇಳುವ ಮೊದಲೇ ಹೇಳಿಬಿಡುತ್ತಾರೆ.

ಉದ್ದೇಶಗಳ ಭಾಗವನ್ನು ಮೊದಲು ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಹೊರಟರೆ ನನಗೆ ಪೀಠಿಕೆ ಉಕ್ಕುತ್ತದೆ, ಬ್ರಹ್ಮಾಂಡದ ರಹಸ್ಯದಿಂದ ಕೆಳಗೆ ಇಳಿಯುವುದೇ ಇಲ್ಲ. ಕನ್ನಡದಲ್ಲಿ ಒಂದೇ ಸಾಲು ಬಂತು: ಜಿಆರ್‌ಎಸ್ 1915+105 ಎಂಬ ಕಪ್ಪುರಂಧ್ರದ ಬಳಿಯಿಂದ ಬರುವ ಎಕ್ಸ್-ಕಿರಣ ಕೆಲವೊಮ್ಮೆ ಸೆಕೆಂಡಿಗೆ ಸುಮಾರು 67 ಬಾರಿ ಮಿಡಿಯುತ್ತದೆ, ಸುತ್ತ ಸುಳಿಯುವ ಬಿಸಿ ಅನಿಲದ ಯಾವ ಭಾಗದಿಂದ ಆ ಮಿಡಿತ ಬರುತ್ತದೆ? ಈ ಸಾಲಿಗೆ ಸಂಬಂಧಿಸದ ಪುಟಗಳನ್ನೆಲ್ಲ ಕಿತ್ತುಹಾಕಿದೆ. ಇಪ್ಪತ್ತೆರಡು ಪುಟ ಒಂಬತ್ತಕ್ಕೆ ಇಳಿಯಿತು. ಕೀಳುವಾಗ ಹೊಟ್ಟೆ ಉರಿಯದೇ ಇರಲಿಲ್ಲ.

ತೊಂದರೆಗಳನ್ನು ಬಚ್ಚಿಡಲಿಲ್ಲ. ನನಗೆ ಬೇಕಾದದ್ದು ಆಸ್ಟ್ರೋಸ್ಯಾಟ್‌ನ ಲ್ಯಾಕ್ಸ್‌ಪಿಸಿ ಎಂಬ, ಅನಿಲ ತುಂಬಿದ ಶೋಧಕಗಳಿಂದ ಎಕ್ಸ್-ಕಿರಣ ಹಿಡಿಯುವ ಉಪಕರಣದ ದತ್ತಾಂಶ. ಅದರ ಮೂರು ಶೋಧಕಗಳಲ್ಲಿ ಒಂದರ ಅನಿಲ ಸೋರಿ 2018ರಲ್ಲಿ ಅದನ್ನು ನಿಲ್ಲಿಸಿದ್ದರು. ಅದೇ ವರ್ಷ ಇನ್ನೊಂದರ ಅಳತೆ ಹದ ತಪ್ಪಿತ್ತು. ಆ ಬಳಿಕದ ವೀಕ್ಷಣೆಗಳಿಗೆ ಉಳಿದ ಒಂದನ್ನೇ ನೆಚ್ಚುತ್ತೇನೆ, ಅದರಿಂದ ಮಿಡಿತದ ಸಂಕೇತ ಇಷ್ಟು ಕ್ಷೀಣಿಸುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಪರಿಶೀಲಕರು ಮೆಚ್ಚಿದ ಭಾಗ ಇದೇ.

ಬಜೆಟ್ ಸಣ್ಣದು. ಒಂದು ಒಳ್ಳೆಯ ಕಂಪ್ಯೂಟರ್, ಹಾರ್ಡ್ ಡಿಸ್ಕ್‌ಗಳು, ಪ್ರಯಾಣ, ಒಂದು ಯುಪಿಎಸ್. ಯುಪಿಎಸ್ ಯಾಕೆಂದು ಕೇಳಿಯೇ ಕೇಳುತ್ತಾರೆ ಎಂದುಕೊಂಡು ಮಳೆಗಾಲದ ಒಂದು ವಾರ ಕರೆಂಟ್ ಹೋದ ಹೊತ್ತು, ಬಂದ ಹೊತ್ತನ್ನು ಪಟ್ಟಿ ಮಾಡಿ ಲಗತ್ತಿಸಿದೆ. ಕೇಳಲಿಲ್ಲ.

ಮಂಜೂರಾದ ಮೇಲೆ ತೊಡಗಿದ್ದು ನಿಜವಾದ ಪಾಠ. ಅರ್ಜಿ ಇಂಗ್ಲಿಷಿನಲ್ಲಿ, ಕಚೇರಿಯ ಕಡತದ ಟಿಪ್ಪಣಿ ಮಲಯಾಳದಲ್ಲಿ, ನನ್ನ ಗೊಣಗಾಟ ಕನ್ನಡದಲ್ಲಿ. ಗುಮಾಸ್ತರು ಬಲು ಗಂಭೀರವಾಗಿ ಕೇಳಿದರು, ಕಪ್ಪುರಂಧ್ರವನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ತೋರಿಸಲಿ ಎಂದು. ಆದರೆ ಬಡ್ಡಿಯ ವಿಷಯ ನೆನಪಿಸಿದ್ದೂ ಅವರೇ. ಅನುದಾನ ಬ್ಯಾಂಕಿನಲ್ಲಿ ಇದ್ದಷ್ಟು ದಿನ ಹುಟ್ಟುವ ಬಡ್ಡಿ ನಮ್ಮದಲ್ಲ. ಅದನ್ನು ಕೇಂದ್ರ ಸರಕಾರಕ್ಕೆ ಮರಳಿಸಿ, ರಸೀದಿಯನ್ನು 12-ಎ ನಮೂನೆಯ ಬಳಕೆ ಪ್ರಮಾಣಪತ್ರದ ಜೊತೆ ಇಡಬೇಕು. ನಾನು ಆ ಬಡ್ಡಿಯನ್ನು ಖರ್ಚಿನಲ್ಲಿ ಸೇರಿಸಿಬಿಟ್ಟಿದ್ದೆ. ಮೂರು ಸಾವಿರ ಚಿಲ್ಲರೆ ರೂಪಾಯಿ, ಅಷ್ಟೇ. ಕೈಯಿಂದ ಹಾಕಿ, ಸರಕಾರಕ್ಕೆ ಹಣ ಕಟ್ಟುವ ಜಾಲತಾಣವಾದ ಭಾರತಕೋಶದ ಮೂಲಕ ಕಟ್ಟಿ ರಸೀದಿ ತಂದುಕೊಟ್ಟಾಗ ಗುಮಾಸ್ತರು ಅದನ್ನು ಎರಡು ಬಾರಿ ಓದಿ ಕಡತಕ್ಕೆ ಪಿನ್ ಚುಚ್ಚಿದರು.

ಈಗ ಎಸ್‌ಇಆರ್‌ಬಿ ಇಲ್ಲ, 2023ರ ಕಾಯಿದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಅದರ ಜಾಗದಲ್ಲಿದೆ. ಮುಂದಿನ ಅರ್ಜಿ ಬರೆಯುತ್ತಿದ್ದೇನೆ. ಯುಪಿಎಸ್‌ನ ಬ್ಯಾಟರಿ ಬದಲಿಸಲು ಒಂದು ಸಾಲು ಸೇರಿಸಬೇಕು.