‘ಓದಲಿ’ಯಿಂದ ಸಬ್‌ಜಂಕ್ಟಿವ್: ನನ್ನ ಅನುಭವ

ಹೋದ ತಿಂಗಳ ಟೆಸ್ಟ್‌ನಲ್ಲಿ ಸಬ್‌ಜಂಕ್ಟಿವ್ ಮೇಲೆ 10 ಪ್ರಶ್ನೆ ಕೊಟ್ಟಿದ್ದೆ. ಸಬ್‌ಜಂಕ್ಟಿವ್ ಅಂದರೆ ನಡೆದದ್ದನ್ನಲ್ಲ, ‘ಹೀಗಾಗಲಿ’ ಅಂತ ಬಯಸೋದನ್ನು ಅಥವಾ ಇಲ್ಲದ್ದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದದ ರೂಪ. ಬ್ಯಾಚ್‌ನಲ್ಲಿ 38 ಜನ. 30ಕ್ಕೂ ಜಾಸ್ತಿ ಮಂದಿ ಎಂಟರ ಮೇಲೆ ತೆಗೆದರು. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಕೂತಿರುವವರು. ‘ಇಂಗ್ಲಿಷ್ ಕ್ಲಾಸಿಗೆ ಕನ್ನಡ ತಂದರೆ ಹುಡುಗರು ಕೆಡ್ತಾರೆ’ ಅಂತ ನನಗೆ ಬುದ್ಧಿ ಹೇಳಿದ ಮೇಷ್ಟ್ರುಗಳಿಗೆ ಆ ಉತ್ತರ ಪತ್ರಿಕೆಗಳನ್ನು ತೋರಿಸಿ ಬಂದಿದ್ದೇನೆ.

ಅದಕ್ಕೆ ಮೊದಲು ಆರೇಳು ವರ್ಷ ಸೋತೆ. ಮೊದಲು ಎಲ್ಲರ ಹಾಗೆ ಪಟ್ಟಿ ಬಾಯಿಪಾಠ ಮಾಡಿಸುತ್ತಿದ್ದೆ. ಡಿಮ್ಯಾಂಡ್, ಇನ್ಸಿಸ್ಟ್, ಸಜೆಸ್ಟ್, ರೆಕಮೆಂಡ್ ಬಂದರೆ ಮುಂದಿನ ಕ್ರಿಯಾಪದದ ‘ಎಸ್’ ತೆಗೆಯಿರಿ ಅಂತ. ಹುಡುಗರು ಪಟ್ಟಿಯನ್ನು ನಿದ್ದೆಯಲ್ಲೂ ಹೇಳುತ್ತಿದ್ದರು. ಒಂದಿನ ‘ದಿ ಸ್ಮೆಲ್ ಸಜೆಸ್ಟ್ಸ್ ದಟ್ ದಿ ಮಿಲ್ಕ್ ಈಸ್ ಸ್ಪಾಯ್ಲ್ಡ್’ ಅಂತ ಸರಿಯಾದ ವಾಕ್ಯ ಕೊಟ್ಟೆ. ಅರ್ಧ ಕ್ಲಾಸು ‘ಈಸ್’ ಹೊಡೆದು ‘ಬಿ’ ಬರೆಯಿತು! ಆ ಪಟ್ಟಿಯನ್ನೇ ನೋಟ್ಸ್ ಮಾಡಿ 300 ಪ್ರತಿ ಅಚ್ಚು ಹಾಕಿಸಿದ್ದೆ. ಹೆಚ್ಚುಕಮ್ಮಿ 14,000 ರೂಪಾಯಿ ಹೋಯಿತು. ಕಡೆಗೆ ಅದರಲ್ಲಿ ಮುಕ್ಕಾಲು ಭಾಗ ರದ್ದಿಗೆ ತೂಕದ ಲೆಕ್ಕದಲ್ಲಿ ಹಾಕಿದೆ. ಆ ವರ್ಷ ಬ್ಯಾಚು 40ರಿಂದ 20ರ ಹತ್ತಿರಕ್ಕೆ ಇಳಿದಿತ್ತು. ಕೋಣೆ ಬಾಡಿಗೆಗೂ ಸಾಲ ಮಾಡಿದ್ದೆ.

ಆಮೇಲೆ ‘ಮಧ್ಯೆ ಒಂದು ಶುಡ್ ಅಡಗಿದೆ ಅಂದುಕೊಳ್ಳಿ’ ಅಂತ ಹೇಳಿಕೊಟ್ಟು ನೋಡಿದೆ. ‘ಹಿ ಶುಡ್ ಗೋ’ದಲ್ಲಿ ಶುಡ್ ಹೋದರೆ ‘ಹಿ ಗೋ’. ಅದು ಅರ್ಧ ಕೆಲಸ ಮಾಡಿತು. ಆದರೆ ಶುಡ್ ಎಲ್ಲಿ ಅಡಗಿದೆ, ಎಲ್ಲಿ ಇಲ್ಲ ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಮತ್ತೆ ಅದೇ ಪಟ್ಟಿ.

ದಾರಿ ಸಿಕ್ಕಿದ್ದು ಫೀಸು ಕಟ್ಟಲು ಬಂದ ಒಬ್ಬ ತಾಯಿಯಿಂದ. ‘ಅವರಪ್ಪ ಮದುವೆ ಆಗಲಿ ಅಂತಾರೆ ಸರ್. ನಾನು ಮಾತ್ರ ಅವಳು ಇನ್ನೊಂದು ವರ್ಷ ಓದಲಿ ಅಂತ ಹಟ ಹಿಡಿದಿದ್ದೀನಿ’ ಅಂದರು. ದುಡ್ಡು ಎಣಿಸಿಕೊಳ್ಳುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. ಹಟ ಹಿಡಿಯೋದು ಅಂದರೆ ಇನ್ಸಿಸ್ಟ್. ‘ಅವಳು ಓದಲಿ’ ಅಂದರೆ ‘ಶಿ ಸ್ಟಡಿ’. ‘ಸ್ಟಡೀಸ್’ ಅಲ್ಲ!

ಅವತ್ತು ಸಂಜೆ ಬೋರ್ಡಿನ ಎಡಗಡೆ ಓದುತ್ತಾನೆ, ಓದುತ್ತಾಳೆ, ಓದುತ್ತದೆ, ಓದುತ್ತಾರೆ ಅಂತ ಬರೆದೆ. ಬಲಗಡೆ ಅವನು ಓದಲಿ, ಅವಳು ಓದಲಿ, ಅದು ಓದಲಿ, ಅವರು ಓದಲಿ. ಎಡಗಡೆ ನಾಲ್ಕು ಬಾಲ, ಬಲಗಡೆ ಎಲ್ಲಕ್ಕೂ ಒಂದೇ ರೂಪ. ಕಾಲವೂ ಇಲ್ಲ. ನಿನ್ನೆ ಹೇಳಿದರೂ ‘ಓದಲಿ’, ನಾಳೆ ಹೇಳಿದರೂ ‘ಓದಲಿ’. ಅದಕ್ಕೇ ‘ಸಜೆಸ್ಟೆಡ್’ ಅಂತ ಭೂತಕಾಲ ಬಂದರೂ ಅದರ ಮುಂದೆ ‘ಹಿ ಗೋ’ ಅಂತಲೇ ನಿಲ್ಲುತ್ತೆ, ‘ವೆಂಟ್’ ಆಗಲ್ಲ. ಹುಡುಗರಿಗೆ ಇದು ಹೊಸದೂ ಅಲ್ಲ. ಹೈಸ್ಕೂಲಿನಲ್ಲಿ ವಿಧ್ಯರ್ಥ ಅಂತ ಓದಿ ಮರೆತದ್ದೇ ಇದು. ಹಾಲಿನ ವಾಕ್ಯ ಮತ್ತೆ ಕೊಟ್ಟೆ. ‘ಹಾಲು ಕೆಡಲಿ ಅಂತಾನಾ, ಕೆಟ್ಟಿದೆ ಅಂತಾನಾ?’ ಅಂದೆ. ಒಬ್ಬನೂ ‘ಈಸ್’ ಮುಟ್ಟಲಿಲ್ಲ.

ಬಿಡಿ ಮಾತುಗಳಂತೂ ಜೋಡಿಜೋಡಿಯಾಗಿ ಸಿಕ್ಕವು. ‘ಸೋ ಬಿ ಇಟ್’ ಅಂದರೆ ಹಾಗೇ ಆಗಲಿ. ‘ಕಮ್ ವಾಟ್ ಮೇ’ ಅಂದರೆ ಏನೇ ಬರಲಿ. ‘ಬಿ ದಟ್ ಆ್ಯಸ್ ಇಟ್ ಮೇ’ ಅಂದರೆ ಅದೇನೇ ಇರಲಿ. ಬ್ರಿಟನ್‌ನಲ್ಲಿ 2022ರಲ್ಲಿ ರಾಣಿ ತೀರಿಕೊಂಡ ಮೇಲೆ ಅವರ ರಾಷ್ಟ್ರಗೀತೆಯಲ್ಲಿ ಕ್ವೀನ್ ಹೋಗಿ ಕಿಂಗ್ ಬಂತು. ‘ಗಾಡ್ ಸೇವ್’ ಮಾತ್ರ ಹಾಗೇ ಉಳಿಯಿತು. ದೇವರು ಕಾಪಾಡಲಿ ಅಂತ ತಾನೇ, ಕಾಪಾಡುತ್ತಾನೆ ಅಂತ ಅಲ್ಲ.

ನಮ್ಮ ದಾವಣಗೆರೆಯಲ್ಲಿ ಮನೆಮಾತು ಉರ್ದು ಇರುವ ಹುಡುಗರು ಜಾಸ್ತಿ. ಅವರ ಮೇಲೆ ಬೇರೆಯಾಗಿ ಒಂದು ಪ್ರಯೋಗ ಮಾಡಿದೆ. ‘ವೋ ಜಾತಾ ಹೈ’ (ಅವನು ಹೋಗುತ್ತಾನೆ), ‘ವೋ ಜಾಯೇ’ (ಅವನು ಹೋಗಲಿ) ಅಂತ ಎರಡೇ ಮಾತು ಬರೆದೆ. ಹತ್ತು ನಿಮಿಷದಲ್ಲಿ ಪಾಠ ಮುಗಿಯಿತು. ಅವರಿಗೆ ‘ಓದಲಿ’ಯ ಮೂಲಕ ಹೇಳಿದಾಗ ಇಷ್ಟು ಬೇಗ ಹಿಡಿದಿರಲಿಲ್ಲ.

ಇನ್ನು ‘ಇಫ್ ಐ ವರ್’. ಇಲ್ಲಿ ನಾನು ಮಾಡಿದ ತಪ್ಪನ್ನು ನೀವೂ ಮಾಡಿರ್ತೀರಿ. ‘ಇಫ್ ಬಂದರೆ ವರ್’ ಅಂತ ಹೇಳಿಬಿಟ್ಟೆ. ಹುಡುಗರು ‘ಇಫ್ ಹಿ ವರ್ ಇನ್ ದಿ ಶಾಪ್ ಯೆಸ್ಟರ್ಡೇ, ಹಿ ಸಾ ಮಿ’ ಅಂತ ಬರೆಯತೊಡಗಿದರು. ಅಲ್ಲಿ ‘ವಾಸ್’ ಇರಬೇಕು. ಈಗ ವಾಕ್ಯದ ಎರಡನೇ ಅರ್ಧವನ್ನು ಕನ್ನಡದಲ್ಲಿ ಹೇಳಿಸುತ್ತೇನೆ. ‘ನಿನ್ನೆ ಅಂಗಡಿಯಲ್ಲಿದ್ದರೆ ನನ್ನನ್ನು ನೋಡಿರ್ತಾನೆ’ ಅಂದರೆ ಇದ್ದರೂ ಇದ್ದಾನು, ಅಲ್ಲಿ ವಾಸ್. ‘ನಾನು ಮಂತ್ರಿಯಾಗಿದ್ದರೆ ರಸ್ತೆ ಮಾಡಿಸುತ್ತಿದ್ದೆ’ ಅಂದರೆ ಮಂತ್ರಿ ಅಲ್ಲವೇ ಅಲ್ಲ, ಅಲ್ಲಿ ವರ್. ಇಲ್ಲದ್ದನ್ನು ಹೇಳುವಾಗ ನಾವೂ ಇಂಗ್ಲಿಷಿನವರ ಹಾಗೇ ಭೂತಕಾಲಕ್ಕೆ ಹೋಗುತ್ತೇವೆ. ಇವತ್ತಿನ ಮಾತಿಗೂ ‘ಮಾಡಿಸುತ್ತಿದ್ದೆ’! ಇದನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

‘ಅಲಿ’ ಕೈಕೊಡುವ ಜಾಗಗಳೂ ಇವೆ. ‘ಅವನು ಚೆನ್ನಾಗಿರಲಿ ಅಂತ ಆಶಿಸುತ್ತೇನೆ’ ಅನ್ನೋದಕ್ಕೆ ‘ಐ ಹೋಪ್ ಹಿ ಬಿ ವೆಲ್’ ಅಂತ ಬರೆಯುತ್ತಾರೆ. ಹೋಪ್‌ಗೆ ಇದು ನಡೆಯಲ್ಲ, ‘ಈಸ್’ ಬೇಕು. ವಾಂಟ್‌ಗೂ ನಡೆಯಲ್ಲ, ಅದಕ್ಕೆ ‘ಹಿಮ್ ಟು ಗೋ’. ಹೀಗೆ ಮೋಸ ಮಾಡುವ ಕ್ರಿಯಾಪದಗಳು ನನ್ನ ಲೆಕ್ಕಕ್ಕೆ ಒಂಬತ್ತು. ಅವನ್ನು ಒಂದೇ ಕಥೆಯಲ್ಲಿ ಪೋಣಿಸಿ ಕೂರಿಸಿದ್ದೇನೆ. ಕಥೆಯನ್ನು ಇಲ್ಲಿ ಬರೆಯಲ್ಲ. ಅದರಿಂದಲೇ ನನ್ನ ಬ್ಯಾಚು ನಡೆಯುತ್ತಿದೆ.

ಈಗ ಗುದ್ದಾಡುತ್ತಿರುವುದು ‘ಲೆಸ್ಟ್’ (ಹಾಗಾಗದಿರಲಿ ಅಂತ) ಜೊತೆ. ‘ಬೀಳದಿರಲಿ ಅಂತ ನಿಧಾನಕ್ಕೆ ನಡೆದ’ ಅಂದಾಗ ಕನ್ನಡದ ‘ದಿರಲಿ’ ನೋಡಿ ಹುಡುಗರು ‘ಲೆಸ್ಟ್ ಹಿ ಶುಡ್ ನಾಟ್ ಫಾಲ್’ ಅಂತಾರೆ. ಲೆಸ್ಟ್‌ನ ಹೊಟ್ಟೆಯಲ್ಲೇ ‘ನಾಟ್’ ಇದೆ, ಮತ್ತೆ ಹಾಕಬಾರದು. ಹೋದ ವಾರದಿಂದ ‘ದಿರಲಿ’ಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಅಷ್ಟನ್ನೂ ಲೆಸ್ಟ್ ನುಂಗಿತು ಅಂತ ಹೇಳಿಸುತ್ತಿದ್ದೇನೆ. 38 ಜನರಲ್ಲಿ 20 ಜನಕ್ಕೆ ದಾಟಿದೆ. ಉಳಿದವರಿಗೆ ಸೋಮವಾರ ಮತ್ತೆ ಮಾಡಬೇಕು.