ಸುಸ್ತು ಎಷ್ಟಿದೆ? ಅಂಕ ಹಾಕಿ ನೋಡಿ

ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನು ಓಪಿಡಿಯಲ್ಲಿ "ಸುಸ್ತು ಇದೆಯೇನಮ್ಮಾ?" ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಸ್ವಲ್ಪ ಇದೆ ಸಾರ್, ಪರವಾಗಿಲ್ಲ." ಮನೆಯಲ್ಲಿ ಸ್ನಾನ ಮುಗಿಸಿ ತಲೆ ಬಾಚಿಕೊಳ್ಳುವಷ್ಟರಲ್ಲಿ ಮತ್ತೆ ಮಲಗಬೇಕಾಗುತ್ತದೆ ಎಂಬುದು ಆ ಉತ್ತರದಲ್ಲಿ ಬರುವುದೇ ಇಲ್ಲ. ಕ್ಯಾನ್ಸರ್ ತರುವ ಸುಸ್ತು ಮಾಡಿದ ಕೆಲಸಕ್ಕೆ ತಕ್ಕಷ್ಟೇ ಇರುವುದಿಲ್ಲ, ನಿದ್ದೆ ಮಾಡಿದರೂ ಪೂರ್ತಿ ಹೋಗುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಅದರ ಕಾರಣ ಸಿಗಬಹುದು, ಅಳತೆ ಸಿಗದು. ಅಳತೆ ಹೇಳಬೇಕಾದವರು ಅನುಭವಿಸುವವರೇ.

ಮೊದಲು ಒಂದು ಅಂಕ. ಸುಸ್ತೇ ಇಲ್ಲದಿದ್ದರೆ 0, ಊಹಿಸಬಹುದಾದಷ್ಟು ಕೆಟ್ಟ ಸುಸ್ತಾದರೆ 10. 1ರಿಂದ 3 ಕಡಿಮೆ, 4ರಿಂದ 6 ಮಧ್ಯಮ, 7ರಿಂದ ಮೇಲೆ ತೀವ್ರ. 4 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರು ಕಾರಣ ಹುಡುಕಬೇಕು. ದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ರಾತ್ರಿ ಊಟದ ಮುಂಚೆ, ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಬರೆದರೆ ಸಾಕು. ಆ್ಯಪ್ ಏನೂ ಬೇಕಿಲ್ಲ. ಅಂಕವನ್ನು ರೋಗಿಯೇ ಕೊಡಬೇಕು. ಗಂಡನೋ ಮಗಳೋ ನೋಡಿ ಹಾಕಿದ್ದು ಅವರ ಅಂದಾಜು ಅಷ್ಟೆ.

ವಾರಕ್ಕೊಮ್ಮೆ ಒಂಬತ್ತು ಪ್ರಶ್ನೆ. ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದವರು 1999ರಲ್ಲಿ ಪ್ರಕಟಿಸಿದ ಬ್ರೀಫ್ ಫಟೀಗ್ ಇನ್ವೆಂಟರಿ ಎಂಬ ಸುಸ್ತು ಅಳೆಯುವ ಪ್ರಶ್ನಾವಳಿಯ ಕ್ರಮ ಇದು. ಮೂರು ಪ್ರಶ್ನೆ ಸುಸ್ತಿನ ಪ್ರಮಾಣದ ಬಗ್ಗೆ: ಈಗ ಎಷ್ಟು, ಕಳೆದ 24 ಗಂಟೆಯಲ್ಲಿ ಸಾಮಾನ್ಯವಾಗಿ ಎಷ್ಟು, ಅತಿ ಹೆಚ್ಚಾದಾಗ ಎಷ್ಟು. ಉಳಿದ ಆರು, ಸುಸ್ತು ಯಾವುದಕ್ಕೆ ಎಷ್ಟು ಅಡ್ಡಿಯಾಯಿತು ಎಂದು: ದಿನದ ಚಟುವಟಿಕೆ, ಮನಸ್ಸು, ನಡಿಗೆ, ಮನೆಯ ಅಥವಾ ಹೊರಗಿನ ಕೆಲಸ, ಬೇರೆಯವರ ಜತೆಗಿನ ಒಡನಾಟ, ಬದುಕಿನ ಖುಷಿ. ನನ್ನ ಮಟ್ಟಿಗೆ ಈ ಆರೇ ಮುಖ್ಯ. "ಆರು ಅಂಕ" ಎಂದರೆ ಕೇಳಿಸದ್ದು "ಚಪಾತಿ ಲಟ್ಟಿಸಲು ಆಗುತ್ತಿಲ್ಲ" ಎಂದರೆ ಕೇಳಿಸುತ್ತದೆ.

ಲೆಕ್ಕ ಸುಲಭ. ಒಂದೊಂದು ಪ್ರಶ್ನೆಗೂ 0ರಿಂದ 10ರೊಳಗೆ ಅಂಕ. ಮೊದಲ ಮೂರಕ್ಕೆ 5, 6, 8. ಉಳಿದವಕ್ಕೆ 7, 4, 5, 8, 3, 6 ಬಂತೆನ್ನಿ. ಒಟ್ಟು 52, ಒಂಬತ್ತರಿಂದ ಭಾಗಿಸಿದರೆ ಸುಮಾರು 5.8. ಮಧ್ಯಮ ಎನಿಸುತ್ತದೆ. ಆದರೆ ಅತಿ ಹೆಚ್ಚಾದಾಗ 8 ಇತ್ತಲ್ಲ, ಅದು ತೀವ್ರವೇ. ಸರಾಸರಿಯೊಂದನ್ನೇ ಹೇಳಿ ಸುಮ್ಮನಾಗಬೇಡಿ.

ಆಸ್ಪತ್ರೆಯಲ್ಲಿ ಬೇರೆ ಫಾರ್ಮ್ ಕೊಟ್ಟರೆ ಅಂಕದ ದಿಕ್ಕು ಕೇಳಿಕೊಳ್ಳಿ. ಫ್ಯಾಸಿಟ್ ಫಟೀಗ್ ಎಂಬ 13 ಪ್ರಶ್ನೆಗಳ ಪಟ್ಟಿಯಲ್ಲಿ 0ರಿಂದ 52ರವರೆಗೆ ಅಂಕ. ಅಲ್ಲಿ ಹೆಚ್ಚು ಬಂದರೆ ಸುಸ್ತು ಕಡಿಮೆ ಎಂದರ್ಥ. ಎರಡನ್ನೂ ಬೆರೆಸಿದರೆ ಲೆಕ್ಕ ಕೆಟ್ಟಿತು.

ಅಂಕದ ಪಕ್ಕ ಚಿಕಿತ್ಸೆಯ ದಿನ ಗುರುತಿಸಿ. ಕೀಮೋ ಆದ ಮೊದಲ ಕೆಲವು ದಿನ ಸುಸ್ತು ಏರಿ, ಮುಂದಿನ ಕೀಮೋ ಹೊತ್ತಿಗೆ ಇಳಿಯುವುದು ಸಾಮಾನ್ಯ. ರೇಡಿಯೇಶನ್‌ನಲ್ಲಿ ವಾರದಿಂದ ವಾರಕ್ಕೆ ಸೇರುತ್ತಾ ಹೋಗುತ್ತದೆ. ಹಾಗಾಗಿ ಕೀಮೋ ಆದ ಮೂರನೇ ದಿನದ ಅಂಕವನ್ನು ಮುಂದಿನ ಕೀಮೋದ ಮೂರನೇ ದಿನಕ್ಕೇ ಹೋಲಿಸಬೇಕು. ಇಳಿಯಬೇಕಾದ ದಿನಗಳಲ್ಲೂ ಇಳಿಯದಿದ್ದರೆ ಅದನ್ನೇ ವೈದ್ಯರಿಗೆ ತೋರಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡುತ್ತಾರೆ. ನಿದ್ದೆ, ನೋವು, ಊಟ, ಮಾತ್ರೆಗಳು, ಮನಸ್ಸಿನ ಕುಗ್ಗುವಿಕೆ ವಿಚಾರಿಸುತ್ತಾರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ.

ಕೂತಲ್ಲೇ ಏದುಸಿರು, ಎದೆನೋವು, ಹಾಸಿಗೆಯಿಂದ ಏಳಲಾಗದಂಥ ದಿಢೀರ್ ಸುಸ್ತು, ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಅಥವಾ ಮೇಲ್ಪಟ್ಟ ಜ್ವರ ಬಂದರೆ ಅಂಕ ಬರೆಯುತ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ.